ಗೋಪುರದ ಕಾಗೆಗಳ ರಕ್ತ

ಗೋಪುರದ ಮುದಿಕಾಗೆ ಕಾಯಿಲೆ ಬಿದ್ದಿದೆ ಎಂದು ತಿಳಿದು, ಮಸೀದಿಯ ಮಿನಾರಿನಲ್ಲಿ ವಾಸವಾಗಿದ್ದ ಅದರ ಮಗ ನೋಡಲು ಬಂದಿತು. ಕಳಶದ ಮೇಲೆ ಕಾವಲಿದ್ದ ಕಪ್ಪು ಹಕ್ಕಿಯೊಂದು ಅಡ್ಡ ಬಂತು.

“ನಿಲ್ಲು! ಶ್ರಾದ್ಧದ ಪಿಂಡ ತಿನ್ನುವ ನಾವೇ ಬೇರೆ, ನೀವೇ ಬೇರೆ. ನಿಮ್ಮ ರಕ್ತವೇ ಬೇರೆ!”

“ಅಣ್ಣಾ, ನಾನು ಇದೇ ಅಮ್ಮನ ಮೊಟ್ಟೆಯಿಂದ ಬಂದವನು. ಕೂರುವ ಜಾಗ ಬದಲಾಯಿತು, ಅಷ್ಟೇ. ಅಲ್ಲಿಯವರಿಗೂ ಹೇಳದೆ ಬಂದಿದ್ದೇನೆ. ಗೊತ್ತಾದರೆ ಅವರೂ ಕುಕ್ಕುತ್ತಾರೆ.”

“ತೊಲಗಾಚೆ! ಕುಹೂ!” ಎಂದು ಅರಚಿತು ಕಾವಲಿನ ಹಕ್ಕಿ.

ಮಗ ಬೆಚ್ಚಿಬಿದ್ದು ಗೋಪುರದ ಹಿರಿಯ ಕಾಗೆಯನ್ನು ಕೂಗಿತು. “ಯಜಮಾನರೇ, ಇವನು ಕೋಗಿಲೆ! ನಮ್ಮ ಅಮ್ಮನ ಗೂಡಿನಲ್ಲಿ ಯಾರೋ ಇಟ್ಟು ಹೋದ ಮೊಟ್ಟೆ!”

“ನಾಲಿಗೆ ಬಿಗಿ ಹಿಡಿ,” ಎಂದಿತು ಹಿರಿಯ ಕಾಗೆ. “ಅದು ನಮ್ಮ ಕುಲದ ಶುದ್ಧ ಉಚ್ಚಾರಣೆ. ಕಾ ಕಾ ಎನ್ನುವ ನಿನಗೆ ಅದೆಲ್ಲಿ ಅರ್ಥವಾಗಬೇಕು?”

ಮಗನ ದನಿ ಗುರುತು ಹಿಡಿದ ಮುದಿ ತಾಯಿ ಗೂಡಿನೊಳಗಿಂದಲೇ ಕ್ಷೀಣವಾಗಿ “ಕಾ” ಎಂದಿತು.

“ಕೇಳಿದಿರಾ? ಇವಳೂ ಅವರ ರಕ್ತವೇ!” ಎಂದಿತು ಕೋಗಿಲೆ.

ಗದ್ದಲ ಕೇಳಿ ನೆರೆದಿದ್ದ ಗೋಪುರದ ಕಾಗೆಗಳೆಲ್ಲ ಹೌದೆಂದು ಬರೀ ತಲೆಯಾಡಿಸಿದವು. ಬಾಯಿ ಬಿಟ್ಟರೆ ತಮ್ಮ ಗಂಟಲಿನಿಂದಲೂ ಅದೇ ದನಿ ಹೊರಡುತ್ತದೆಂಬುದು ಅವಕ್ಕೆ ಚೆನ್ನಾಗಿ ಗೊತ್ತಿತ್ತು.