ಬೆಂಕಿಗೆ ಹೊರಟ ಗರಿ

ನಂಬುವವರು ನಂಬಲಿ, ಬ್ರಿಜಿತಮ್ಮನವರ ಮನೆಯ ಶಿಲುಬೆಗೆ ಸಿಕ್ಕಿಸಿದ್ದ ತೆಂಗಿನ ಗರಿಗೂ ಗೋಡೆಯ ಹಲ್ಲಿಗೂ ಗೆಳೆತನವಿತ್ತು. ಯೇಸುವನ್ನು ಜನ ಗರಿ ಬೀಸಿ ಸ್ವಾಗತಿಸಿದ ನೆನಪಿಗೆ ನಡೆಯುವ ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ಬೀಸಿದ ಗರಿ ಅದು. ವರ್ಷ ತುಂಬುತ್ತ ಬಂದಿತ್ತು. ನಾಳೆ ಚರ್ಚಿನಲ್ಲಿ ಅದನ್ನು ಸುಟ್ಟು, ಉಪವಾಸಕಾಲ ಶುರುವಾಗುವ ಬುಧವಾರ ಆ ಬೂದಿಯನ್ನು ಎಲ್ಲರ ಹಣೆಗೆ ಹಚ್ಚುತ್ತಾರೆ.

"ಅಣ್ಣಾ, ಬೀರುವಿನ ಹಿಂದಕ್ಕೆ ಜಾರಿಬಿಡು," ಎಂದಿತು ಹಲ್ಲಿ. "ಬಾಲ ಬಿಟ್ಟು ಓಡಿ ನಾನು ಮೂರು ಸಲ ಬದುಕಿದ್ದೇನೆ." ಬೇರೆಯವರ ಹತ್ತಿರ ಅದು ಐದು ಸಲ ಎನ್ನುತ್ತಿತ್ತು.

"ಅಂದು ಭಾನುವಾರ ಯೇಸುವಿನ ಮುಂದೆ ನಾವು ಗರಿಗಳೆಲ್ಲ ಕುಣಿದೆವು, ತಮ್ಮಾ. ಶುಕ್ರವಾರ ಆತ ಶಿಲುಬೆ ಹೊತ್ತಾಗ ಒಂದು ಗರಿಯೂ ಜೊತೆಗಿರಲಿಲ್ಲ. ಬೆಂಕಿಯೆಂದರೆ ನನಗೂ ಹೆದರಿಕೆಯೇ. ಆದರೆ ಈ ಸಲ ನಾನು ಜೊತೆಗೆ ಹೋಗುತ್ತೇನೆ."

ಬುಧವಾರ ಬ್ರಿಜಿತಮ್ಮ ಚರ್ಚಿನಿಂದ ಬಂದು ಮಂಡಿಯೂರಿದರು. ಹಲ್ಲಿ ಬರಿದಾದ ಶಿಲುಬೆಯನ್ನು ನೋಡಿ, "ಪೆದ್ದ ಗರಿ, ಹೇಳಹೆಸರಿಲ್ಲದೆ ಹೋಯಿತು," ಎಂದಿತು.

"ಕೆಳಗೆ ನೋಡೋ," ಎಂದಿತು ಬ್ರಿಜಿತಮ್ಮನವರ ಹಣೆಯ ಮೇಲೆ ಶಿಲುಬೆಯಾಗಿ ನಿಂತಿದ್ದ ಬೂದಿ. "ನಿನ್ನೆಯವರೆಗೆ ಶಿಲುಬೆಗೆ ಒರಗಿ ನಿಂತಿದ್ದೆ. ಇವತ್ತು ನಾನೇ ಶಿಲುಬೆ. ಇಡೀ ಊರು ನನ್ನನ್ನು ಹೊತ್ತು ನಡೆಯುತ್ತಿದೆ."

ಹಲ್ಲಿ ಲೊಚಗುಟ್ಟಿತು. ಆ ಸುಳ್ಳುಬುರುಕ ನಿಜವಾದ ಮಾತಿಗೆ ಲೊಚಗುಟ್ಟಿದ್ದು ಅದೊಂದೇ ಸಲ.