ಮಂಡಿ ಅಳೆದ ದಾರ

"ಗುರುಗಳೇ, ವಯಸ್ಸಾದವರಿಗೆ ಕೊಟ್ಟ ಮದ್ದು ನಾಟಿತೋ ಇಲ್ಲವೋ ಎಂದು ಅಳೆಯುವುದು ಹೇಗೆ?"

ಮಠದ ಔಷಧಾಲಯದಲ್ಲಿ ವೈದ್ಯ ಕಲಿಯುತ್ತಿದ್ದ ಶಿಷ್ಯ, ವಯಸ್ಸಾದ ಗುರುಗಳ ನಾಡಿ ನೋಡುತ್ತ ಹೀಗೆ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಜಾಣ, ಕೈಗುಣ ಒಳ್ಳೆಯದು. ಜಂಬವೂ ಅಷ್ಟೇ ಇತ್ತು. ಅವನ ಬಳಿಗೆ ಮಂಡಿ ಊದಿದ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಪಂಡಿತ ಮಂಡಿಗೆ ದಾರ ಸುತ್ತಿ ಅಳತೆ ತೆಗೆದ. ಎರಡು ಗೇಣು ಇತ್ತು. ಕಷಾಯ ಕೊಟ್ಟ, ಲೇಪ ಹಚ್ಚಿಸಿದ, ಮಂಚ ಬಿಟ್ಟು ಇಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದ. ವಾರಕ್ಕೊಮ್ಮೆ ಅವಳ ಮನೆಗೆ ಹೋಗಿ ಹೊಸ ದಾರ ಸುತ್ತುತ್ತಿದ್ದ. ಪ್ರತಿ ವಾರವೂ ದಾರ ಗಿಡ್ಡವಾಗುತ್ತ ಬಂತು. ಆ ದಾರಗಳನ್ನೆಲ್ಲ ತನ್ನ ಬಾಗಿಲಿಗೆ ಸಾಲಾಗಿ ಕಟ್ಟಿ, ಹೋಗಿಬರುವವರಿಗೆ ತೋರಿಸಿ ಮೀಸೆ ತಿರುವುತ್ತಿದ್ದ.

ಮೂರು ತಿಂಗಳಿಗೆ ಅಳತೆ ಒಂದೂವರೆ ಗೇಣಿಗೆ ಇಳಿಯಿತು. "ಅಜ್ಜೀ, ನಿನ್ನ ಮಂಡಿ ವಾಸಿಯಾಯ್ತು" ಎಂದ ಪಂಡಿತ. ಮುದುಕಿ ಅತ್ತುಬಿಟ್ಟಳು.

"ಮಂಡಿಯೇನೋ ವಾಸಿಯಾಯ್ತಪ್ಪಾ. ಊದಿದ್ದಾಗ ಬಚ್ಚಲಿಗೆ ನಾನೇ ಹೋಗಿ ಬರ್ತಿದ್ದೆ. ಈಗ ಕಾಲಲ್ಲಿ ಕಸುವೇ ಇಲ್ಲ. ಸೊಸೆ ಎತ್ಕೊಂಡು ಹೋಗಿ ಮೈ ತೊಳೀತಾಳೆ. ನಾಚಿಕೆಗೆ ನೀರು ಕುಡಿಯೋದನ್ನೇ ಬಿಟ್ಟಿದ್ದೀನಿ."

ಪಂಡಿತನ ಮುಖ ಸಣ್ಣದಾಯಿತು. ನಡೆಯದೆ ಮಲಗಿದ್ದರಿಂದಲೇ ಊತ ಇಳಿದಿತ್ತು. ಜಾಣನಾದ್ದರಿಂದ ವಾದಿಸಲಿಲ್ಲ. ಮನೆಗೆ ಹೋಗಿ ದಾರಗಳನ್ನು ಕಿತ್ತು ಒಲೆಗೆ ಹಾಕಿದ.

ಮರುದಿನ ಬಂದು ಮುದುಕಿಯ ಕೈಹಿಡಿದು ನಿಲ್ಲಿಸಿದ. ಮಂಚದಿಂದ ಬಚ್ಚಲಿಗೆ ಹದಿನೆಂಟು ಹೆಜ್ಜೆ. ಮೊದಲ ದಿನ ಎರಡು ಹೆಜ್ಜೆಗೇ ಅವಳು ಸುಸ್ತಾದಳು, ಅವನನ್ನು ಬಾಯಿಗೆ ಬಂದಂತೆ ಬೈದಳು. ಅವನು ಬಿಡಲಿಲ್ಲ. ದಿನಕ್ಕಿಷ್ಟು ಎಂದು ನಡೆಸುತ್ತಲೇ ಹೋದ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ತಾನೇ ನಡೆದು ಹೋಗಿ, ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಳು. ಹೊರಗೆ ನಿಂತ ಪಂಡಿತನಿಗೆ ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಅಷ್ಟು ಸಂತೋಷ ಅವನಿಗೆ ಯಾವ ದಾರದಿಂದಲೂ ಆಗಿರಲಿಲ್ಲ. ಮಂಡಿ ಮಾತ್ರ ಮತ್ತೆ ತುಸು ಊದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಊತ ಮರಳಿತಲ್ಲ ಗುರುಗಳೇ! ಅದನ್ನು ಗುಣವಾಯಿತು ಎನ್ನುವುದು ಹೇಗೆ?"

ಗುರುಗಳು ನಕ್ಕರು. "ನಾಲ್ಕು ತಿಂಗಳಿಂದ ದಿನವೂ ನನ್ನ ನಾಡಿ ಹಿಡಿದು ಮದ್ದು ಕೊಡುತ್ತಿದ್ದೀಯಲ್ಲ ಮಗು, ನನಗೆ ಏನು ಬೇಕು ಎಂದು ಒಂದು ದಿನವಾದರೂ ಕೇಳಿದ್ದೀಯಾ?"