ಯಾರಿಗೂ ಸಿಗದ ಮುಖ

ಶಿಷ್ಯನೊಬ್ಬ ಬೆಳಗ್ಗೆ ಬಂದು ಗುರುವನ್ನು ಕೇಳಿದ: “ಗುರುಗಳೇ, ನನ್ನ ತಾಯಿ ನಿನ್ನೆಯಿಂದ ಮಠದ ಬಾಗಿಲಲ್ಲಿ ಕೂತಿದ್ದಾರೆ. ಒಮ್ಮೆ ಮುಖ ತೋರಿಸಿದರೆ ಸಾಕು, ಹತ್ತರ ಬಸ್ಸಿಗೆ ಹೊರಟುಬಿಡುತ್ತೇನೆ ಅಂತ ಹೇಳಿಕಳಿಸಿದ್ದಾರೆ. ನಾನು ಹೋಗಿಲ್ಲ. ಆದರೂ ಮನಸ್ಸು ಅಲುಗುತ್ತಿದೆ. ಏನೂ ತಾಗದ ಸ್ಥಿತಿ ನನಗೆ ಯಾವಾಗ ಬರುತ್ತದೆ?”

ಗುರು ಎಲೆಯಡಿಕೆ ಸಂಚಿ ಬಿಚ್ಚಿದರು. “ಕೂತ್ಕೋ. ಏನೂ ತಾಗದವನೊಬ್ಬನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಿಲ್ಲ, ಕೇಳಿದ್ದೇನೆ ಅಂತಲೇ ಇಟ್ಟುಕೋ. ಕತೆಗೆ ಎರಡೂ ಒಂದೇ.”

ಜಲ್ಲಿ ಒಡೆಯುವ ಹೆಂಗಸೊಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕಲ್ಲಿನ ರಾಶಿಯ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಸುತ್ತಿಗೆ ಬಿದ್ದಾಗಲೆಲ್ಲ ಚೂರು ಹಾರುತ್ತಿತ್ತು. “ನನ್ನ ಕೈ ಎದ್ದದ್ದು ಕಂಡ ಕೂಡಲೇ ಮುಖ ತಿರುಗಿಸಿಬಿಡು ಮಗಾ,” ಎಂದು ಕಲಿಸಿದಳು. ಅವನು ಕಲಿತ. ಒಂದು ಚೂರೂ ಅವನಿಗೆ ತಾಗಲಿಲ್ಲ. ಅವಳ ಒಂದು ಕಣ್ಣು ಹೋಯಿತು.

ಹುಡುಗ ಬೆಳೆದ. ಬಾಕ್ಸಿಂಗ್ ಕಲಿಸುವ ಕೋಚ್ ಒಬ್ಬ ಅವನ ಮೇಲೆ ಹತ್ತು ಏಟು ಬೀಸಿ ನೋಡಿದ. ಒಂದೂ ಬೀಳಲಿಲ್ಲ.

“ತಪ್ಪಿಸಿಕೊಳ್ಳೋದು ನಿನಗೆ ಬಂದಿದೆ. ತಿರುಗಿಸಿ ಕೊಡೋದು ನಾನು ಕಲಿಸ್ತೀನಿ. ಯಾರು ಏನು ಅಂತ ನೋಡಬಾರದು. ಕೈ ಬಂತು, ಬಾಗಿದೆ, ಕೊಟ್ಟೆ. ಅಷ್ಟೇ.”

ಏಳು ವರ್ಷ ಅದೇ ಅಭ್ಯಾಸ. ಹನ್ನೆರಡು ವರ್ಷ ಅನ್ನುವವರೂ ಇದ್ದಾರೆ, ನಾನು ಜಗಳಕ್ಕೆ ಹೋಗುವುದಿಲ್ಲ. ಅವನು ಜಿಲ್ಲೆ ಗೆದ್ದ. ರಾಜ್ಯ ಗೆದ್ದ. ಯಾರಿಗೂ ಸಿಗದ ಮುಖ ಎಂದು ಪತ್ರಿಕೆಯವರು ಬರೆದರು.

ಹೊರಗೆ ರಸ್ತೆಯಲ್ಲಿ ಬಸ್ಸಿನ ಹಾರನ್ ಆಯಿತು. ಶಿಷ್ಯ ಕತ್ತೆತ್ತಿದ. ಗುರು ಎಲೆಗೆ ಸುಣ್ಣ ಸವರಿದರು, ಮಡಚಿದರು, ಬಾಯಿಗಿಟ್ಟು ನಿಧಾನವಾಗಿ ಅಗಿದರು.

“ಆಮೇಲೆ?” ಎಂದ ಶಿಷ್ಯ.

ದೇಶಕ್ಕೇ ದೊಡ್ಡ ಪಂದ್ಯ ಬಂತು. ಮಗ ಮೊದಲ ಸಲ ತಾಯಿಯನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ. ಮೈಗೆ ಒಂದು ಏಟೂ ಬೀಳದೆ ಗೆದ್ದ. ಗ್ಲೌಸ್ ಬಿಚ್ಚದೆ ಕೆಳಗಿಳಿದು ಬಂದ. ಜನ ಮುತ್ತಿಕೊಂಡರು. ಇಷ್ಟು ಜನರ ಕಣ್ಣು ಬಿತ್ತಲ್ಲ ಎಂದು ತಾಯಿಗೆ ದಿಗಿಲು. ಮಗನ ಕೆನ್ನೆ ಸವರಿ, ನೆಟಿಕೆ ಮುರಿದು, ದೃಷ್ಟಿ ತೆಗೆಯೋಣವೆಂದು ಪಕ್ಕದಿಂದ ನುಗ್ಗಿದಳು. ಎರಡೂ ಕೈ ಎತ್ತಿದಳು.

ಕೈ ಎದ್ದದ್ದು ಕಂಡಿತು. ಮುಖ ತಿರುಗಿತು. ಮುಂದಿನದನ್ನೂ ಅವನ ಮೈ ತಾನೇ ಮಾಡಿ ಮುಗಿಸಿತು.

ಅವಳು ಸಾಯಲಿಲ್ಲ. ದವಡೆ ಕೂಡಿಕೊಂಡಿತು, ಸೊಟ್ಟಗೆ. ಅಂದಿನಿಂದ ಮಗನಿಗೆ ಅನ್ನ ಬಡಿಸಲು ಬಂದರೂ ಹೊಸ್ತಿಲಲ್ಲೇ ನಿಂತು, “ನಾನು ಕಣಪ್ಪ, ಬರಲಾ?” ಎಂದು ಕೇಳುತ್ತಿದ್ದಳು.

ಮಗ ಕೋಚ್ ಬಳಿ ಹೋಗಿ ಅತ್ತ. “ಇದನ್ನೆಲ್ಲ ಮರೆಸಿಬಿಡಿ ಸರ್.”

“ಕೊಡೋದನ್ನ ಬೇಕಾದರೆ ಮರೆಸಿ ನೋಡ್ತೀನಿ,” ಎಂದ ಕೋಚ್. “ಮುಖ ತಿರುಗಿಸೋದು ನಾನು ಕಲಿಸಿದ್ದಲ್ಲವಲ್ಲ.”

ಅವಳು ಮತ್ತೆ ಹದಿನಾಲ್ಕು ವರ್ಷ ಬದುಕಿದಳು. ಆ ಮುಖವನ್ನು ಒಮ್ಮೆಯೂ ಮುಟ್ಟಲಿಲ್ಲ.

ಶಿಷ್ಯ ದಡಬಡಿಸಿ ಎದ್ದ. “ಗುರುಗಳೇ, ನಾನು ಹೋಗಿ ಮುಖ ತೋರಿಸಿ ಬರುತ್ತೇನೆ.”

ಗುರು ಸಂಚಿಯ ದಾರ ಎಳೆದು ಕಟ್ಟಿದರು.

“ನಾನು ಕತೆ ಶುರು ಮಾಡಿದಾಗ ಬಸ್ಸು ಇನ್ನೂ ಬಂದಿರಲಿಲ್ಲ.”